ಮಾರಿಸ್ ಚಾಂಗ್ ಅವರ ಮೊದಲ ಮೂವತ್ತೆರಡು ವರ್ಷಗಳು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ತೈವಾನಿನ ಚಿಪ್ ತಯಾರಿಕಾ ಕಂಪನಿ ಟಿಎಸ್‌ಎಂಸಿಯ ಸಂಸ್ಥಾಪಕ ಮಾರಿಸ್ ಚಾಂಗ್ ಅವರ ಕುರಿತು ಪ್ರಕಟವಾದ ಲೇಖನವನ್ನು ಎರಡು ಬಾರಿ ಓದಿದೆ. ಇಂಥ ವಿಷಯಕ್ಕೆ ಕನ್ನಡದಲ್ಲಿ ಇಡೀ ಒಂದು ಪುಟ ಮೀಸಲಿಟ್ಟದ್ದಕ್ಕೆ ಮೊದಲಿಗೆ ಕೃತಜ್ಞತೆ ಸಲ್ಲಿಸುತ್ತೇನೆ. ಆದರೆ ಲೇಖನವು 1987ರಿಂದ ಆರಂಭವಾಗುತ್ತದೆ. 55 ವರ್ಷ ದಾಟಿದ ವ್ಯಕ್ತಿಯೊಬ್ಬರಿಗೆ ಒಂದು ಅಪೂರ್ವ ಯೋಚನೆ ಹೊಳೆಯಿತು, ಅದರಿಂದ ಜಗತ್ತಿನ ಅತಿ ದೊಡ್ಡ ಚಿಪ್ ಫೌಂಡ್ರಿ (ಬೇರೆಯವರು ವಿನ್ಯಾಸ ಮಾಡಿದ ಚಿಪ್‌ಗಳನ್ನು ತಯಾರಿಸಿಕೊಡುವ ಕಾರ್ಖಾನೆ) ಹುಟ್ಟಿತು ಎಂಬ ಧಾಟಿಯಲ್ಲಿ ಮುಂದುವರಿಯುತ್ತದೆ. ಅದಕ್ಕೂ ಹಿಂದೆ ಅವರು ಕಾರ್ಖಾನೆಗಳಲ್ಲಿ ಮತ್ತು ಕಂಪನಿಗಳ ಆಡಳಿತದಲ್ಲಿ ಕಳೆದ 32 ವರ್ಷಗಳಿಗೆ ಸಿಕ್ಕಿರುವುದು ಎರಡೇ ವಾಕ್ಯ. ನಾನು ನಿವೃತ್ತನಾಗುವವರೆಗೂ ಚಿಪ್ ತಯಾರಿಕೆಯಲ್ಲಿ ಪ್ರಕ್ರಿಯಾ ಎಂಜಿನಿಯರ್ ಆಗಿದ್ದವನು. ಆ ಎರಡು ವಾಕ್ಯಗಳಲ್ಲಿ ಅಡಗಿಹೋದ ವರ್ಷಗಳೇ ಈ ವೃತ್ತಿಜೀವನದ ತಿರುಳು ಎಂದು ನಾನು ನಂಬಿರುವುದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ. ಪತ್ರ ದೀರ್ಘವಾಗಿದ್ದರೆ ಕ್ಷಮೆಯಿರಲಿ.

ಚಾಂಗ್ ಅವರು ಹುಟ್ಟಿದ್ದು 1931ರಲ್ಲಿ, ಚೀನಾದ ನಿಂಗ್ಬೊ ನಗರದಲ್ಲಿ. ಜಪಾನಿನ ಆಕ್ರಮಣ ಮತ್ತು ಅಂತರ್ಯುದ್ಧಗಳ ನಡುವೆ ಅವರ ಕುಟುಂಬ ಊರಿಂದೂರಿಗೆ ಅಲೆಯಬೇಕಾಯಿತು. ಹಾಂಗ್‌ಕಾಂಗ್, ಚೊಂಗ್‌ಚಿಂಗ್, ಶಾಂಘೈ, ಮತ್ತೆ ಹಾಂಗ್‌ಕಾಂಗ್, ಹೀಗೆ ಅವರ ಬಾಲ್ಯ ಕಳೆಯಿತು. 1949ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಸೇರಿ, ಒಂದು ವರ್ಷದ ಬಳಿಕ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ, ಅಂದರೆ ಎಂಐಟಿಗೆ, ವರ್ಗವಾದರು. 1952ರಲ್ಲಿ ಪದವಿಯನ್ನೂ 1953ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಎರಡೂ ಯಂತ್ರಶಾಸ್ತ್ರದಲ್ಲಿ, ವಿದ್ಯುನ್ಮಾನಕ್ಕೂ ಅವರಿಗೂ ಆಗ ಯಾವ ನಂಟೂ ಇರಲಿಲ್ಲ. ಅಲ್ಲಿಯೇ ಪಿಎಚ್‌ಡಿ ಮಾಡುವ ಆಸೆಯಿಂದ ಅರ್ಹತಾ ಪರೀಕ್ಷೆಗೆ ಕುಳಿತರು. ಎರಡು ಬಾರಿಯೂ ಅನುತ್ತೀರ್ಣರಾದರು. ಮೂರನೆಯ ಅವಕಾಶವಿರಲಿಲ್ಲ. ಆ ಸೋಲನ್ನು ಅವರು ಎಂದೂ ಮುಚ್ಚಿಟ್ಟಿಲ್ಲ; ಮುಂದೆ ಅದನ್ನು ತಮ್ಮ ಭಾಗ್ಯವೆಂದೇ ಕರೆದುಕೊಂಡಿದ್ದಾರೆ.

1955ರಲ್ಲಿ ಕೆಲಸ ಹುಡುಕುವಾಗ ಅವರ ಮುಂದೆ ಎರಡು ಅವಕಾಶಗಳಿದ್ದವು. ಫೋರ್ಡ್ ಮೋಟಾರ್ ಕಂಪನಿ ತಿಂಗಳಿಗೆ 479 ಡಾಲರ್ ಕೊಡಲು ಒಪ್ಪಿತ್ತು, ಸಿಲ್ವೇನಿಯಾ ಎಂಬ ವಿದ್ಯುನ್ಮಾನ ಕಂಪನಿ 480 ಡಾಲರ್. ಅವರ ಮನಸ್ಸಿದ್ದದ್ದು ಫೋರ್ಡ್ ಕಡೆಗೆ. ಸಂಬಳವನ್ನು ತುಸು ಏರಿಸಬಹುದೇ ಎಂದು ದೂರವಾಣಿಯಲ್ಲಿ ಕೇಳಿದರು. ಆಗದು ಎಂಬ ಒಣ ಉತ್ತರ ಬಂದುದರಿಂದ ಬೇಸರಗೊಂಡು ಸಿಲ್ವೇನಿಯಾ ಸೇರಿದರು. ಒಂದು ಡಾಲರಿನ ಅಂತರದ ಈ ಕಥೆಯನ್ನು ತಮ್ಮ ಲೇಖಕರು ಅದೃಷ್ಟದ ಉದಾಹರಣೆಯಾಗಿ ಹೇಳಿದ್ದಾರೆ. ಅವರನ್ನು ಅರೆವಾಹಕದ (ಸೆಮಿಕಂಡಕ್ಟರ್) ಬಾಗಿಲಿಗೆ ತಂದು ನಿಲ್ಲಿಸಿದ್ದು ಅದೃಷ್ಟವೇ ಇರಬಹುದು. ಒಳಗೆ ಹೋದ ಮೇಲೆ ಅವರು ಮಾಡಿದ್ದೇನು ಎಂಬುದು ಲೇಖನದಲ್ಲಿ ಇಲ್ಲ. ಜರ್ಮೇನಿಯಂ ಎಂಬ ಅರೆವಾಹಕದಿಂದ ಮಾಡುವ ಟ್ರಾನ್ಸಿಸ್ಟರುಗಳ, ಅಂದರೆ ಪುಟ್ಟ ವಿದ್ಯುನ್ಮಾನ ಸ್ವಿಚ್ಚುಗಳ, ತಯಾರಿಕೆಯನ್ನು ಸುಧಾರಿಸುವ ಕೆಲಸ ಅವರ ಪಾಲಿಗೆ ಬಂದಿತ್ತು. ಅದರ ಭೌತಶಾಸ್ತ್ರ ತಿಳಿಯದ ಯಂತ್ರಶಾಸ್ತ್ರದ ಪದವೀಧರ, ಹಗಲು ಕಾರ್ಖಾನೆಯಲ್ಲಿ ದುಡಿದು ಸಂಜೆ ಟ್ರಾನ್ಸಿಸ್ಟರಿನ ಆವಿಷ್ಕಾರಕರಲ್ಲೊಬ್ಬರಾದ ವಿಲಿಯಂ ಶಾಕ್ಲಿಯವರ ಪಠ್ಯವನ್ನು ಸಾಲುಸಾಲಾಗಿ ಓದಿ ಈ ವಿದ್ಯೆಯನ್ನು ಕಲಿತರು. ಅವರಿಗೆ ಆಗ 24 ವರ್ಷ.

ಇಲ್ಲಿ ಓದುಗರಿಗೆ ಒಂದು ಪದವನ್ನು ಬಿಡಿಸಿ ಹೇಳಬೇಕು. ಅದು ತಿಳಿಯದೆ ಚಾಂಗ್ ಅವರ ಬದುಕು ಅರ್ಥವಾಗದು. ಆ ಪದ ಇಳುವರಿ. ರೈತರ ಬಾಯಲ್ಲಿ ಬರುವ ಈ ಮಾತನ್ನೇ ನಮ್ಮ ಉದ್ಯಮದಲ್ಲಿಯೂ ಬಳಸುತ್ತೇವೆ. ವೇಫರ್ ಎನ್ನುವ ಸಿಲಿಕಾನ್ ಬಿಲ್ಲೆಯ ಮೇಲೆ ಒಮ್ಮೆಗೆ ನೂರಾರು ಚಿಪ್‌ಗಳು ರೂಪುಗೊಳ್ಳುತ್ತವೆ. ಎಲ್ಲ ಹಂತಗಳೂ ಮುಗಿದ ಮೇಲೆ ಪರೀಕ್ಷೆ ಮಾಡಿದಾಗ ಅವುಗಳಲ್ಲಿ ಎಷ್ಟು ಸರಿಯಾಗಿ ಕೆಲಸ ಮಾಡುತ್ತವೆಯೋ ಅದೇ ಇಳುವರಿ. ಕೆಟ್ಟ ಚಿಪ್‌ಗೂ ಒಳ್ಳೆಯ ಚಿಪ್‌ಗೂ ತಗಲುವ ಖರ್ಚು ಒಂದೇ ಆದ್ದರಿಂದ ಕಾರ್ಖಾನೆ ಬದುಕುವುದೂ ಮುಚ್ಚುವುದೂ ಈ ಸಂಖ್ಯೆಯ ಮೇಲೆಯೇ ನಿಂತಿದೆ. ಒಂದು ಚಿಪ್ ನೂರಾರು ಹಂತಗಳನ್ನು ದಾಟುತ್ತದೆ: ಪದರ ಕೂರಿಸುವುದು, ಬೆಳಕಿನಿಂದ ವಿನ್ಯಾಸವನ್ನು ಅಚ್ಚೊತ್ತುವುದು, ಬೇಡದ್ದನ್ನು ಕೊರೆದು ತೆಗೆಯುವುದು, ತೊಳೆಯುವುದು, ಕುಲುಮೆಯಲ್ಲಿ ಕಾಯಿಸುವುದು, ಮತ್ತೆ ಪದರ ಕೂರಿಸುವುದು. ಇದು ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. 500 ಹಂತಗಳಿವೆ ಎಂದುಕೊಳ್ಳೋಣ. ಪ್ರತಿ ಹಂತದಲ್ಲೂ ಶೇ 99ರಷ್ಟು ಚಿಪ್‌ಗಳು ಕೆಡದೆ ಉಳಿದರೆ ಕೊನೆಯಲ್ಲಿ ಕೈಗೆ ಸಿಗುವುದು ಸಾವಿರಕ್ಕೆ ಏಳು ಚಿಪ್ ಕೂಡ ಅಲ್ಲ. ಪ್ರತಿ ಹಂತದಲ್ಲೂ ಶೇ 99.9ರಷ್ಟು ಉಳಿದರೆ ಮಾತ್ರ ಸಾವಿರದಲ್ಲಿ ಸುಮಾರು 600 ದಕ್ಕುತ್ತವೆ. ಬೇರೆ ಉದ್ಯಮಗಳಲ್ಲಿ ಶೇ 99 ಎಂದರೆ ಹೊಗಳಿಕೆಯ ಮಾತು, ಇಲ್ಲಿ ಅದು ದಿವಾಳಿಯ ದಾರಿ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ವೃತ್ತಿಯ ಆರಂಭದಲ್ಲಿ, ನಾನು ಕೆಲಸ ಮಾಡುತ್ತಿದ್ದ ಘಟಕದಲ್ಲಿ ಮೂರು ವಾರ ಸತತವಾಗಿ ಇಳುವರಿ ಕುಸಿಯಿತು. ಯಂತ್ರಗಳ ಅಳತೆಗಳೆಲ್ಲ ಸರಿಯಾಗಿದ್ದವು, ದಾಖಲೆಗಳೂ ಸರಿಯಾಗಿದ್ದವು, ಆದರೂ ಬಿಲ್ಲೆಯ ಅಂಚಿನ ಚಿಪ್‌ಗಳು ಸಾಯುತ್ತಲೇ ಇದ್ದವು. ನಾನು ದಾಖಲೆಗಳ ಮುಂದೆಯೇ ಕುಳಿತಿದ್ದೆ. ಕೊನೆಗೆ ಕಾರಣವನ್ನು ಕಂಡುಹಿಡಿದವರು ರಾತ್ರಿ ಪಾಳಿಯ ಹಿರಿಯ ನಿರ್ವಾಹಕರೊಬ್ಬರು. ತೊಳೆದ ಬಿಲ್ಲೆಗಳನ್ನು ಒಣಗಿಸುವ ಯಂತ್ರ ನಿಲ್ಲುವ ಹೊತ್ತಿನಲ್ಲಿ ಕೇಳಿಸುತ್ತಿದ್ದ ಶಬ್ದ ಬದಲಾಗಿದೆ ಎಂದು ಅವರು ಹೇಳಿದರು. ಬಿಚ್ಚಿ ನೋಡಿದಾಗ ಸವೆದ ಒಂದು ಬೇರಿಂಗು ಕಣ್ಣಿಗೆ ಕಾಣದ ಪುಡಿಯನ್ನು ಉದುರಿಸುತ್ತಿತ್ತು. ಆ ಮೂರು ವಾರಗಳಲ್ಲಿ ವ್ಯರ್ಥವಾದ ಬಿಲ್ಲೆಗಳಲ್ಲಿ ನನ್ನ ಪಾಲಿನ ತಪ್ಪೂ ಇತ್ತು, ಏಕೆಂದರೆ ಅವರನ್ನು ಮೊದಲ ದಿನವೇ ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಕೈ ಪಳಗುವುದು ಎಂದು ನಾವು ಹೇಳುವ ಮಾತಿನ ಅರ್ಥ ನನಗೆ ಅಂದು ತಿಳಿಯಿತು.

1958ರಲ್ಲಿ ಚಾಂಗ್ ಅವರು ಡಲ್ಲಾಸ್‌ನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಗೆ ಸೇರಿದರು. ಅದೇ ವರ್ಷ ಅಲ್ಲಿಗೆ ಬಂದ ಇನ್ನೊಬ್ಬ ಎಂಜಿನಿಯರ್ ಜ್ಯಾಕ್ ಕಿಲ್ಬಿ, ಸೆಪ್ಟೆಂಬರ್ 12ರಂದು ಜಗತ್ತಿನ ಮೊದಲ ಸಂಯೋಜಿತ ಮಂಡಲವನ್ನು (ಇಂಟಿಗ್ರೇಟೆಡ್ ಸರ್ಕ್ಯೂಟ್), ಅಂದರೆ ಚಿಪ್ಪನ್ನು, ಪ್ರದರ್ಶಿಸಿದರು. 2000ದಲ್ಲಿ ಅದಕ್ಕಾಗಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಸಂದಿತು. ಇಬ್ಬರಿಗೂ ಪರಿಚಯವಿತ್ತು. ಆದರೆ ಚಾಂಗ್ ಅವರ ಹೆಸರು ಕಂಪನಿಯೊಳಗೆ ಮೊದಲು ಕೇಳಿಬಂದದ್ದು ಯಾವ ಆವಿಷ್ಕಾರಕ್ಕಾಗಿಯೂ ಅಲ್ಲ. ಐಬಿಎಂ ತನ್ನ ದೊಡ್ಡ ಗಣಕಯಂತ್ರಕ್ಕೆ ಬೇಕಾದ ಟ್ರಾನ್ಸಿಸ್ಟರನ್ನು ತಾನೇ ವಿನ್ಯಾಸ ಮಾಡಿ, ತಯಾರಿಕೆಯನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ಗೆ ಒಪ್ಪಿಸಿತ್ತು. ಆ ತಯಾರಿಕಾ ಸಾಲಿನಲ್ಲಿ ಇಳುವರಿ ಸೊನ್ನೆಯ ಆಸುಪಾಸಿನಲ್ಲಿತ್ತು. ವಿನ್ಯಾಸಕಾರರಾದ ಐಬಿಎಂನವರ ಪ್ರಾಯೋಗಿಕ ಸಾಲಿನಲ್ಲೇ ಅದು ಹೇಳಿಕೊಳ್ಳುವಷ್ಟು ಇರಲಿಲ್ಲ. ಕಾಯಿಸುವ ಉಷ್ಣತೆ, ಒತ್ತಡ, ಸಮಯ ಇವುಗಳನ್ನು ಒಂದರ ಹಿಂದೊಂದು ಬದಲಿಸಿ ನೋಡುತ್ತಾ, ಪ್ರತಿ ಬದಲಾವಣೆಗೂ ಭೌತಶಾಸ್ತ್ರದಲ್ಲಿ ಕಾರಣ ಹುಡುಕುತ್ತಾ ಅವರು ಕೆಲವೇ ತಿಂಗಳಲ್ಲಿ ಇಳುವರಿಯನ್ನು ಶೇ 20ರ ಆಚೆಗೆ ಒಯ್ದರು. ಇದು ಆಕಸ್ಮಿಕವೋ ಎಂದು ವಿಚಾರಿಸಲು ಬಂದ ಐಬಿಎಂ ಎಂಜಿನಿಯರುಗಳಿಗೆ ಅವರು ಕಾರಣಸಹಿತ ವಿವರಣೆ ಕೊಟ್ಟರು.

ಸಂಪಾದಕರೇ, ಈ ಘಟನೆಯನ್ನು ಇನ್ನೊಮ್ಮೆ ನೋಡಿ. ವಿನ್ಯಾಸ ಒಬ್ಬರದು, ತಯಾರಿಕೆ ಮತ್ತೊಬ್ಬರದು. ತಯಾರಿಸುವವರು ವಿನ್ಯಾಸ ಮಾಡಿದವರಿಗಿಂತ ಚೆನ್ನಾಗಿ ತಯಾರಿಸಿದರು. 1987ರಲ್ಲಿ ಸ್ಥಾಪನೆಯಾದ ಕಂಪನಿಯ ಇಡೀ ತತ್ವ 1958ರ ಆ ಸಾಲಿನಲ್ಲಿ ಬೀಜರೂಪದಲ್ಲಿ ಇದೆ. ಹಾಗೆಂದು ಅವರಿಗೆ ಆಗಲೇ ಎಲ್ಲವೂ ತಿಳಿದಿತ್ತು ಎಂದು ನಾನು ಹೇಳುತ್ತಿಲ್ಲ. ಬೇರೆಯವರ ನಕ್ಷೆಯನ್ನು ತಮ್ಮ ಕೈಯಿಂದ ಅವರಿಗಿಂತ ಮೇಲಾಗಿ ಮಾಡಿಕೊಡಲು ಸಾಧ್ಯ ಎಂಬುದನ್ನು ಅವರು 27ನೇ ವಯಸ್ಸಿನಲ್ಲಿಯೇ ಸ್ವತಃ ಮಾಡಿ ಕಂಡಿದ್ದರು ಎಂದಷ್ಟೇ ಹೇಳುತ್ತಿದ್ದೇನೆ.

ಈ ಯಶಸ್ಸಿನ ಫಲವಾಗಿ ಕಂಪನಿ ತನ್ನದೇ ಖರ್ಚಿನಲ್ಲಿ ಅವರನ್ನು ಸ್ಟ್ಯಾನ್‌ಫರ್ಡ್‌ಗೆ ಕಳುಹಿಸಿತು. ಎಂಐಟಿಯಲ್ಲಿ ಕೈತಪ್ಪಿದ್ದ ಪಿಎಚ್‌ಡಿಯನ್ನು ಅವರು 1964ರಲ್ಲಿ, ಈ ಬಾರಿ ವಿದ್ಯುತ್ ಎಂಜಿನಿಯರಿಂಗ್‌ನಲ್ಲಿ ಪಡೆದರು. ಮರಳಿ ಬಂದು ಒಂದೊಂದೇ ಮೆಟ್ಟಿಲು ಏರಿ 1970ರ ದಶಕದಲ್ಲಿ ಕಂಪನಿಯ ಇಡೀ ಅರೆವಾಹಕ ವಹಿವಾಟಿನ ಮುಖ್ಯಸ್ಥರಾದರು. ಅಲ್ಲಿ ಅವರು ರೂಢಿಗೆ ತಂದ ಒಂದು ಪದ್ಧತಿ ಇಂದಿಗೂ ಚರ್ಚೆಯಲ್ಲಿದೆ. ಹೊಸ ಚಿಪ್ ಒಂದನ್ನು ಮಾರುಕಟ್ಟೆಗೆ ತಂದಾಗ ಮೊದಲಿಗೆ ಹೆಚ್ಚು ಬೆಲೆಯಿಟ್ಟು ಲಾಭ ತೆಗೆಯುವುದು ಆಗಿನ ವಾಡಿಕೆ. ಚಾಂಗ್ ಅವರು ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಎಂಬ ಸಲಹಾ ಸಂಸ್ಥೆಯವರೊಡನೆ ಲೆಕ್ಕ ಹಾಕಿ, ಬೆಲೆಯನ್ನು ಆರಂಭದಿಂದಲೇ ತ್ರೈಮಾಸಿಕಕ್ಕೊಮ್ಮೆ ಇಳಿಸುತ್ತಾ ಹೋದರು. ಬೆಲೆ ಇಳಿದರೆ ಬೇಡಿಕೆ ಏರುತ್ತದೆ, ಬೇಡಿಕೆ ಏರಿದರೆ ಹೆಚ್ಚು ಬಿಲ್ಲೆಗಳು ಸಾಲಿನಲ್ಲಿ ಓಡುತ್ತವೆ, ಹೆಚ್ಚು ಬಿಲ್ಲೆಗಳು ಓಡಿದಷ್ಟೂ ಕೈ ಪಳಗಿ ಇಳುವರಿ ಏರುತ್ತದೆ, ಇಳುವರಿ ಏರಿದರೆ ಖರ್ಚು ಇಳಿಯುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಇಳುವರಿ ಹೇಗೆ ಏರುತ್ತದೆ ಎಂದು ಸ್ವಂತ ಅನುಭವದಿಂದ ಬಲ್ಲವರು ಮಾತ್ರ ಇಷ್ಟು ಧೈರ್ಯವಾಗಿ ಇಂದಿನ ಲಾಭವನ್ನು ಬಿಟ್ಟುಕೊಡಬಲ್ಲರು ಎಂಬುದು ನನ್ನ ಅಭಿಪ್ರಾಯ.

ಅನಂತರದ ವರ್ಷಗಳು ಸುಖದವಲ್ಲ. ಕಂಪನಿಯ ಗಮನ ಕ್ಯಾಲ್ಕುಲೇಟರ್, ಕೈಗಡಿಯಾರ, ಮನೆಬಳಕೆಯ ಗಣಕಯಂತ್ರಗಳ ಕಡೆಗೆ ಹೊರಳಿತು. 1978ರಲ್ಲಿ ಅವರನ್ನು ಆ ಗ್ರಾಹಕ ವಸ್ತುಗಳ ವಿಭಾಗಕ್ಕೆ ಹಾಕಲಾಯಿತು. ಅದು ಅವರಿಗೆ ಒಗ್ಗಲಿಲ್ಲ. ಮುಂದೆ ಇನ್ನೂ ಬದಿಗೆ ಸರಿಸಲಾಯಿತು. ಮುಖ್ಯಸ್ಥರ ಹುದ್ದೆ ತನಗೆ ದೊರೆಯದೆಂಬುದು ಖಚಿತವಾದಾಗ, 25 ವರ್ಷಗಳ ಸೇವೆಯ ಬಳಿಕ, 1983ರಲ್ಲಿ ಹೊರಬಂದರು. ಬಳಿಕ ಜನರಲ್ ಇನ್‌ಸ್ಟ್ರುಮೆಂಟ್ ಕಂಪನಿಯ ಅಧ್ಯಕ್ಷರಾದರು. ಅಲ್ಲಿಯೂ ಹೆಚ್ಚು ಕಾಲ ನಿಲ್ಲಲಿಲ್ಲ. ಆದರೆ ಅಲ್ಲಿ ನಡೆದ ಒಂದು ಸಂಗತಿಯನ್ನು ಚಾಂಗ್ ಅವರೇ ನೆನಪಿಸಿಕೊಂಡಿದ್ದಾರೆ. ಗಾರ್ಡನ್ ಕ್ಯಾಂಬೆಲ್ ಎಂಬ ಉದ್ಯಮಿ ಹೊಸ ಚಿಪ್ ಕಂಪನಿಗೆಂದು ಐದು ಕೋಟಿ ಡಾಲರ್ ಬಂಡವಾಳ ಕೇಳಲು ಬಂದಿದ್ದರು. ಕೆಲವು ವಾರಗಳಾದರೂ ಅವರ ಸುಳಿವಿಲ್ಲದಿದ್ದಾಗ ವಿಚಾರಿಸಿದರೆ, ಈಗ ತನಗೆ ಬೇಕಿರುವುದು ಐವತ್ತು ಲಕ್ಷ ಮಾತ್ರ, ಅದನ್ನು ತಾನೇ ಹೊಂದಿಸಿಕೊಳ್ಳುತ್ತೇನೆ ಎಂದರಂತೆ. ಕಾರ್ಖಾನೆ ಕಟ್ಟುವ ವಿಚಾರವನ್ನೇ ಅವರು ಕೈಬಿಟ್ಟಿದ್ದರು. ವಿನ್ಯಾಸ ಮಾತ್ರ ತಮ್ಮದು, ತಯಾರಿಕೆ ಬೇರೆಯವರಿಂದ. ಹತ್ತರಲ್ಲಿ ಒಂಬತ್ತು ಪಾಲು ಹಣ ಕಾರ್ಖಾನೆಗೇ ಬೇಕಾಗಿತ್ತು ಎಂದಾಯಿತು. ಈ ಮಾತು ಎಷ್ಟೋ ಜನರ ಕಿವಿಗೆ ಬಿದ್ದಿರಬಹುದು. ಅದರ ಒಳಗಿನ ಅರ್ಥ ಹಿಡಿಯಲು ತಯಾರಿಕೆಯನ್ನು ಒಳಗಿನಿಂದ ಬಲ್ಲ ಕಿವಿ ಬೇಕಿತ್ತು.

1985ರಲ್ಲಿ ತೈವಾನ್ ಸರ್ಕಾರ ಅವರನ್ನು ತನ್ನ ಕೈಗಾರಿಕಾ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರನ್ನಾಗಿ ಕರೆಸಿಕೊಂಡಿತು. ಇಲ್ಲಿ ತಮ್ಮ ಲೇಖನದಲ್ಲಿರುವ ಒಂದು ತಪ್ಪನ್ನು ತಿದ್ದಬೇಕು. ಚಾಂಗ್ ಅವರು ಬರಿಗೈಯಲ್ಲಿ ಬರಡು ನೆಲಕ್ಕೆ ಬಂದರು ಎಂದು ಲೇಖನ ಹೇಳುತ್ತದೆ. ಅದು ನಿಜವಲ್ಲ. ಆ ಸಂಸ್ಥೆ 1976ರಲ್ಲಿಯೇ ಅಮೆರಿಕದ ಆರ್‌ಸಿಎ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, ತರುಣ ಎಂಜಿನಿಯರುಗಳ ತಂಡವನ್ನು ಅಲ್ಲಿಗೆ ಕಳುಹಿಸಿ ಚಿಪ್ ತಯಾರಿಕೆಯನ್ನು ಕಲಿಸಿತ್ತು. ಅವರು ಹಿಂದಿರುಗಿ ನಡೆಸಿದ ಪ್ರಾಯೋಗಿಕ ಘಟಕ ಒಳ್ಳೆಯ ಇಳುವರಿ ಕೊಡುತ್ತಿತ್ತು. 1980ರಲ್ಲಿ ಯುಎಂಸಿ ಎಂಬ ಚಿಪ್ ಕಂಪನಿಯೂ ಆ ಸಂಸ್ಥೆಯಿಂದಲೇ ಕವಲೊಡೆದಿತ್ತು. ಹೊಸ ಅರೆವಾಹಕ ಕಂಪನಿಯೊಂದರ ಯೋಜನೆ ಕೊಡಿ ಎಂದು ಸಚಿವ ಕೆ.ಟಿ. ಲೀ ಅವರು ಕೇಳಿದಾಗ ಚಾಂಗ್ ಅವರು ಮೊದಲು ತೈವಾನಿಗೆ ಇಲ್ಲದ್ದನ್ನು ಲೆಕ್ಕ ಹಾಕಿದರು. ಸಂಶೋಧನೆಯಲ್ಲಿ ದುರ್ಬಲ, ವಿನ್ಯಾಸದಲ್ಲಿ ದುರ್ಬಲ, ಮಾರಾಟದಲ್ಲಿ ದುರ್ಬಲ, ಪೇಟೆಂಟ್‌ಗಳು ಇಲ್ಲವೆನ್ನುವಷ್ಟು ಕಡಿಮೆ. ಉಳಿದದ್ದು ತಯಾರಿಕೆ ಒಂದೇ. ಹಾಗಾದರೆ ತಯಾರಿಕೆಯನ್ನು ಮಾತ್ರ ಮಾಡುವ ಕಂಪನಿ ಕಟ್ಟೋಣ ಎಂದರು. ಅದೊಂದು ಮಿಂಚು ಎಂದು ಲೇಖನ ಬಣ್ಣಿಸಿದೆ. ನನಗೆ ಅದು ಬಹುಕಾಲದಿಂದ ಬರೆದಿಟ್ಟ ಲೆಕ್ಕದ ಕೊನೆಯ ಸಾಲಿನಂತೆ ಕಾಣುತ್ತದೆ.

ಬಂಡವಾಳ ಸಂಗ್ರಹ ಸುಲಭವಾಗಿರಲಿಲ್ಲ. ಅಮೆರಿಕದ ಚಿಪ್ ಕಂಪನಿ ಇಂಟೆಲ್ ಒಪ್ಪಲಿಲ್ಲ, ಅವರು 25 ವರ್ಷ ದುಡಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೂಡ ಒಪ್ಪಲಿಲ್ಲ. ನೆದರ್ಲೆಂಡ್ಸ್‌ನ ಫಿಲಿಪ್ಸ್ ಶೇ 27.5ರಷ್ಟು ಪಾಲು ಪಡೆದು ತನ್ನ ತಂತ್ರಜ್ಞಾನವನ್ನೂ ಕೊಟ್ಟಿತು. ಸರ್ಕಾರದ ಪಾಲು ಸುಮಾರು ಶೇ 48. ಉಳಿದದ್ದನ್ನು ತೈವಾನಿನ ಶ್ರೀಮಂತ ಉದ್ಯಮಿಗಳಿಂದ, ಸರ್ಕಾರದ ಒತ್ತಾಯದ ಮೇರೆಗೆ, ಕೂಡಿಸಲಾಯಿತು. ಆರಂಭದಲ್ಲಿ ಅವರ ತಂತ್ರಜ್ಞಾನ ಮುಂಚೂಣಿಯ ಕಂಪನಿಗಳಿಗಿಂತ ಎರಡು ತಲೆಮಾರು ಹಿಂದಿತ್ತು. ಗೆಲುವಿಗೆ ಅವರ ಕೈಯಲ್ಲಿದ್ದದ್ದು ಒಂದು ಮಾತು ಮಾತ್ರ: ನಮ್ಮ ಹೆಸರಿನಲ್ಲಿ ಒಂದು ಚಿಪ್ಪನ್ನೂ ಮಾರುವುದಿಲ್ಲ, ಗ್ರಾಹಕರೊಡನೆ ಎಂದೂ ಸ್ಪರ್ಧಿಸುವುದಿಲ್ಲ.

ಈ ಮಾತಿನ ತೂಕ ತಿಳಿಯಬೇಕಾದರೆ ಆಗಿನ ಪರಿಸ್ಥಿತಿ ತಿಳಿದಿರಬೇಕು. ಸ್ವಂತ ಕಾರ್ಖಾನೆಯಿಲ್ಲದ ಸಣ್ಣ ವಿನ್ಯಾಸ ಕಂಪನಿಗಳು ತಮ್ಮ ಚಿಪ್ ತಯಾರಿಸಿಕೊಡಿ ಎಂದು ದೊಡ್ಡ ಚಿಪ್ ಕಂಪನಿಗಳ ಬಾಗಿಲು ತಟ್ಟಬೇಕಿತ್ತು. ಆ ದೊಡ್ಡ ಕಂಪನಿಗಳು ತಮ್ಮ ಸಾಲುಗಳು ಖಾಲಿಯಿದ್ದಾಗ ಮಾತ್ರ ಕೆಲಸ ಒಪ್ಪಿಕೊಳ್ಳುತ್ತಿದ್ದವು. ತಮಗೇ ಬೇಡಿಕೆ ಹೆಚ್ಚಿದ ದಿನ ಇವರನ್ನು ಹೊರಗಿಡುತ್ತಿದ್ದವು. ಅದಕ್ಕಿಂತ ದೊಡ್ಡ ಭಯವೆಂದರೆ, ವಿನ್ಯಾಸವನ್ನು ಒಪ್ಪಿಸುವುದು ನಾಳಿನ ಪ್ರತಿಸ್ಪರ್ಧಿಯ ಕೈಗೇ. ಚಾಂಗ್ ಅವರು ಈ ಭಯವನ್ನು ತೆಗೆದುಹಾಕಿದರು. 1980ರ ದಶಕದ ಕೊನೆಯಲ್ಲಿ ಇಂಟೆಲ್‌ನವರು ಬಂದು ಹಂತಹಂತವನ್ನೂ ತಪಾಸಣೆ ಮಾಡಿ, ನೂರಾರು ದೋಷಗಳನ್ನು ಪಟ್ಟಿ ಮಾಡಿ, ಅವೆಲ್ಲ ಸರಿಯಾದ ಬಳಿಕ ಮಾನ್ಯತೆ ಕೊಟ್ಟರು. ಆ ಮಾನ್ಯತೆ ಜಗತ್ತಿನ ಉಳಿದ ಗ್ರಾಹಕರಿಗೆ ಸಾಕ್ಷಿಪತ್ರವಾಯಿತು. 1993ರಲ್ಲಿ ಆರಂಭವಾದ ಚಿಪ್ ವಿನ್ಯಾಸ ಕಂಪನಿ ಎನ್‌ವಿಡಿಯಾದ ಸಂಸ್ಥಾಪಕ ಜೆನ್‌ಸನ್ ಹುವಾಂಗ್, ಕಂಪನಿ ಇನ್ನೂ ಸಣ್ಣದಿದ್ದಾಗ ನೇರವಾಗಿ ಚಾಂಗ್ ಅವರಿಗೇ ಪತ್ರ ಬರೆದದ್ದನ್ನೂ ಚಾಂಗ್ ಅವರು ಸ್ವತಃ ದೂರವಾಣಿ ಕರೆ ಮಾಡಿ ಉತ್ತರಿಸಿದ್ದನ್ನೂ ಇಬ್ಬರೂ ಅನೇಕ ಸಲ ನೆನೆದಿದ್ದಾರೆ. ಕಾರ್ಖಾನೆ ಕಟ್ಟುವಷ್ಟು ಹಣವಿಲ್ಲದವರೂ ಚಿಪ್ ಕಂಪನಿ ಆರಂಭಿಸಬಹುದಾದದ್ದು ಹೀಗೆ. ಚಾಂಗ್ ಅವರು ಕಟ್ಟಿದ್ದು ಒಂದು ಕಂಪನಿ. ಆ ಒಂದರ ಹೆಗಲ ಮೇಲೆ ಇತರರು ಕಟ್ಟಿಕೊಂಡ ಕಂಪನಿಗಳನ್ನು ಎಣಿಸುವುದು ಕಷ್ಟ.

ಇನ್ನು 2000ದ ಸುಮಾರಿನ ಒಂದು ತೀರ್ಮಾನ. ಚಿಪ್‌ನೊಳಗಿನ ತಂತಿಗಳಿಗೆ ಅಲ್ಯೂಮಿನಿಯಂ ಬಿಟ್ಟು ತಾಮ್ರ ಬಳಸುವ 0.13 ಮೈಕ್ರಾನ್ ತಲೆಮಾರಿನ (ಚಿಪ್‌ನ ರಚನೆ ಎಷ್ಟು ಸೂಕ್ಷ್ಮ ಎಂಬುದರ ಅಳತೆ ಇದು; ಸಂಖ್ಯೆ ಚಿಕ್ಕದಾದಷ್ಟೂ ತಂತ್ರಜ್ಞಾನ ಹೊಸದು) ತಂತ್ರಜ್ಞಾನವನ್ನು ಐಬಿಎಂ ಮಾರಲು ಸಿದ್ಧವಿತ್ತು. ಪ್ರತಿಸ್ಪರ್ಧಿ ಯುಎಂಸಿ ಐಬಿಎಂ ಜೊತೆ ಕೈಜೋಡಿಸಿತು. ಟಿಎಸ್‌ಎಂಸಿ ಕೊಳ್ಳಲು ಒಪ್ಪದೆ ತನ್ನ ಎಂಜಿನಿಯರುಗಳಿಂದಲೇ ಅದನ್ನು ರೂಪಿಸಿತು. ಪ್ರಯೋಗಾಲಯದಲ್ಲಿ ಹುಟ್ಟಿದ ಪ್ರಕ್ರಿಯೆ ಕಾರ್ಖಾನೆಯಲ್ಲಿ ಇಳುವರಿ ಕೊಡುವುದಕ್ಕೂ ಕಾರ್ಖಾನೆಯ ನೆಲದಲ್ಲೇ ಬೆಳೆದ ಪ್ರಕ್ರಿಯೆ ಇಳುವರಿ ಕೊಡುವುದಕ್ಕೂ ಇರುವ ವ್ಯತ್ಯಾಸ ಅಲ್ಲಿ ಕಂಡಿತು. ಯುಎಂಸಿ ಆ ಸುತ್ತಿನಲ್ಲಿ ಹಿಂದೆ ಬಿದ್ದದ್ದು ಮತ್ತೆ ಸಮಕ್ಕೆ ಬರಲೇ ಇಲ್ಲ.

2005ರಲ್ಲಿ ಅವರು ಮುಖ್ಯ ಕಾರ್ಯನಿರ್ವಾಹಕ ಹುದ್ದೆಯನ್ನು ಬಿಟ್ಟುಕೊಟ್ಟು ಅಧ್ಯಕ್ಷರಾಗಿ ಮಾತ್ರ ಉಳಿದರು. 2008ರ ಆರ್ಥಿಕ ಕುಸಿತದ ಬೆನ್ನಲ್ಲೇ ಕಂಪನಿ ನೌಕರರನ್ನು ತೆಗೆದುಹಾಕಿತು, ಇನ್ನೂ ಸೂಕ್ಷ್ಮವಾದ 40 ನ್ಯಾನೊಮೀಟರ್ ತಲೆಮಾರಿನ ಚಿಪ್‌ಗಳ ಇಳುವರಿ ಕೈಕೊಟ್ಟು ಗ್ರಾಹಕರು ಅಸಮಾಧಾನಗೊಂಡರು. 2009ರ ಜೂನ್‌ನಲ್ಲಿ, 78ರ ಹೊಸ್ತಿಲಲ್ಲಿದ್ದ ಚಾಂಗ್ ಅವರು ಮತ್ತೆ ಕಾರ್ಯಭಾರ ವಹಿಸಿಕೊಂಡರು. ತೆಗೆದುಹಾಕಿದವರ ಕ್ಷಮೆ ಕೇಳಿ ಮರಳಿ ಬನ್ನಿ ಎಂದು ಕರೆದರು. ನಿವೃತ್ತರಾಗಿದ್ದ ಸಂಶೋಧನಾ ಮುಖ್ಯಸ್ಥ ಚಿಯಾಂಗ್ ಶಾಂಗ್‌ಯಿ ಅವರನ್ನು ಕರೆಸಿಕೊಂಡರು. ಎಲ್ಲರೂ ಕೈ ಬಿಗಿಹಿಡಿದಿದ್ದ ಹೊತ್ತಿನಲ್ಲಿ, 2009ರಲ್ಲಿ ಸುಮಾರು 270 ಕೋಟಿ ಡಾಲರ್ ಇದ್ದ ವಾರ್ಷಿಕ ಬಂಡವಾಳ ವೆಚ್ಚವನ್ನು 2010ರಲ್ಲಿ ಸುಮಾರು 590 ಕೋಟಿಗೆ ಏರಿಸಿದರು. ಹೂಡಿಕೆದಾರರು ಕಳವಳಪಟ್ಟರು. ಆದರೆ ಸ್ಮಾರ್ಟ್‌ಫೋನುಗಳ ಬೇಡಿಕೆ ಉಕ್ಕಿ ಬಂದಾಗ 28 ನ್ಯಾನೊಮೀಟರ್ ಚಿಪ್‌ಗಳನ್ನು ಬೇಕಾದಷ್ಟು ಪ್ರಮಾಣದಲ್ಲಿ, ನಂಬುವಂಥ ಇಳುವರಿಯೊಡನೆ ಕೊಡಬಲ್ಲವರು ಅವರೇ ಆಗಿದ್ದರು. 2014ರ ಐಫೋನ್‌ಗೆ ಆ್ಯಪಲ್ ತನ್ನ ಮುಖ್ಯ ಚಿಪ್ಪನ್ನು ಅವರಿಂದ ಮಾಡಿಸಿಕೊಂಡಿತು. ಯುವ ಉದ್ಯಮಿಗಳ ಬಗ್ಗೆ ಪತ್ರಿಕೆಗಳು ಬರೆಯುವಷ್ಟು ಉತ್ಸಾಹದಿಂದ ಈ 2009ರ ಮರಳುವಿಕೆಯ ಬಗ್ಗೆಯೂ ಬರೆಯಬೇಕೆಂದು ನನ್ನ ಆಸೆ. ಆ ತೀರ್ಮಾನದ ಹಿಂದೆ ಐದು ದಶಕಗಳ ಏರಿಳಿತವನ್ನು ಕಂಡ ಕಣ್ಣಿತ್ತು.

ಹೊಗಳಿಕೆಯನ್ನು ಮಾತ್ರ ಬರೆದರೆ ನಾನೂ ಲೇಖನದ ತಪ್ಪನ್ನೇ ಮಾಡಿದಂತಾಗುತ್ತದೆ. ಅವರು ಮರಳಿದ ಬಳಿಕ ಸೌರಫಲಕ ಮತ್ತು ಎಲ್‌ಇಡಿ ದೀಪಗಳ ವ್ಯವಹಾರಕ್ಕೂ ಕೈ ಹಾಕಿದರು. ಎರಡನ್ನೂ 2015ರಲ್ಲಿ ಕೈಬಿಡಬೇಕಾಯಿತು. 1990ರ ದಶಕದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕ್ಯಾಮಸ್‌ನಲ್ಲಿ ಕಟ್ಟಿದ ಕಾರ್ಖಾನೆ ಅವರ ನಿರೀಕ್ಷೆಯನ್ನು ಮುಟ್ಟಲಿಲ್ಲ. ಅಲ್ಲಿನ ತಯಾರಿಕಾ ವೆಚ್ಚ ತೈವಾನಿಗಿಂತ ಶೇ 50ರಷ್ಟು ಹೆಚ್ಚು ಎಂದು ಅವರು 2022ರಲ್ಲಿ ಬಹಿರಂಗವಾಗಿಯೇ ಹೇಳಿದರು. ಹಗಲಿರುಳು ಮೂರು ಪಾಳಿಗಳಲ್ಲಿ ಸಂಶೋಧನೆ ನಡೆಸುವ ಆ ಕಂಪನಿಯ ಕಾರ್ಯಪದ್ಧತಿ ಎಂಜಿನಿಯರುಗಳ ದೇಹ ಮತ್ತು ಸಂಸಾರಗಳಿಂದ ವಸೂಲು ಮಾಡುವ ಬೆಲೆಯನ್ನೂ ಮರೆಯಬಾರದು. ರಾತ್ರಿ ಪಾಳಿಗಳಲ್ಲಿ ವರ್ಷಗಟ್ಟಲೆ ದುಡಿದ ನನಗೆ ಅದು ಕೇಳಿ ತಿಳಿದ ಮಾತಲ್ಲ. ಜಗತ್ತಿನ ಅತ್ಯಂತ ಮುಂದುವರಿದ ಚಿಪ್‌ಗಳ ತಯಾರಿಕೆಯ ಬಹುಪಾಲು ಭೂಕಂಪದ ಭಯವೂ ಯುದ್ಧದ ಭಯವೂ ಇರುವ ಒಂದೇ ದ್ವೀಪದಲ್ಲಿ ಸೇರಿಕೊಂಡಿರುವುದು ಕೂಡ ಈ ಯಶಸ್ಸಿನದೇ ಇನ್ನೊಂದು ಮುಖ. 2018ರ ಜೂನ್‌ನಲ್ಲಿ, 86ನೇ ವಯಸ್ಸಿನಲ್ಲಿ, ಅವರು ನಿವೃತ್ತರಾದಾಗ ಈ ಪ್ರಶ್ನೆ ಉತ್ತರಾಧಿಕಾರಿಗಳ ಪಾಲಿಗೆ ಉಳಿಯಿತು.

ಹೀಗಾಗಿ ನನ್ನ ಬೇಡಿಕೆ ಇಷ್ಟು. ಅರೆವಾಹಕ ಉದ್ಯಮಿಗಳ ಬದುಕನ್ನು ಪರಿಚಯಿಸುವ ಮಾಲಿಕೆಯನ್ನು ಮುಂದುವರಿಸುವುದಾಗಿ ತಾವು ಪ್ರಕಟಿಸಿದ್ದೀರಿ. ಮುಂದಿನ ಲೇಖನಗಳಲ್ಲಿ ಕಂಪನಿ ಸ್ಥಾಪನೆಯಾದ ದಿನಕ್ಕೆ ಕೊಡುವಷ್ಟೇ ಜಾಗವನ್ನು ಅದಕ್ಕೂ ಹಿಂದೆ ಆ ವ್ಯಕ್ತಿ ಯಾವ ಸಾಲಿನಲ್ಲಿ, ಯಾವ ಯಂತ್ರದ ಮುಂದೆ, ಯಾರಿಂದ ಏನು ಕಲಿತರು ಎಂಬುದಕ್ಕೂ ಕೊಡಿ. ಇಂಟೆಲ್ ಕಂಪನಿಯನ್ನು ಮುನ್ನಡೆಸಿದ ಆ್ಯಂಡಿ ಗ್ರೋವ್ ಅವರನ್ನು ಬರೆಯುವುದಾದರೆ ಇಂಟೆಲ್‌ಗೆ ಮೊದಲು ಫೇರ್‌ಚೈಲ್ಡ್ ಎಂಬ ಚಿಪ್ ಕಂಪನಿಯಲ್ಲಿ ಅವರು ಸಿಲಿಕಾನ್ ಮೇಲಿನ ಆಕ್ಸೈಡ್ ಪದರವನ್ನು ಅಧ್ಯಯನ ಮಾಡುತ್ತಾ ಕಳೆದ ವರ್ಷಗಳನ್ನು ಬಿಡಬೇಡಿ. ಫೆಡೆರಿಕೊ ಫ್ಯಾಜಿನ್ ಅವರನ್ನು ಬರೆಯುವುದಾದರೆ ಅವರು ಇಂಟೆಲ್‌ನಲ್ಲಿ ರೂಪಿಸಿದ 1971ರ ಮೈಕ್ರೊಪ್ರೊಸೆಸರಿಗೆ (ಗಣಕದ ಮಿದುಳಿನಂಥ ಚಿಪ್) ಮೊದಲು ಅವರು ರೂಪಿಸಿದ ಸಿಲಿಕಾನ್ ಗೇಟ್ ಎಂಬ ಚಿಪ್ ತಯಾರಿಕಾ ಪ್ರಕ್ರಿಯೆಯನ್ನು ವಿವರಿಸಿ. ಅದಿಲ್ಲದೆ ಆ ಮೈಕ್ರೊಪ್ರೊಸೆಸರ್ ಇರುತ್ತಿರಲಿಲ್ಲ. ಎಂಜಿನಿಯರಿಂಗ್ ಓದುತ್ತಿರುವ ತರುಣ ತರುಣಿಯರು ತಮ್ಮ ಪತ್ರಿಕೆಯನ್ನು ಓದುತ್ತಾರೆ. ಅವರಲ್ಲಿ ಕೆಲವರು ನನಗೆ ಬರೆಯುತ್ತಾರೆ. ಮೊದಲ ಕೆಲಸದಲ್ಲಿ ಇಳುವರಿಯ ಅಂಕಿಗಳನ್ನು ನೋಡುತ್ತಾ ಕೂರುವುದೆಂದರೆ ಬದುಕು ವ್ಯರ್ಥವಾಯಿತೆಂದು ಅವರಿಗೆ ಅನ್ನಿಸುತ್ತದೆ. 1958ರಲ್ಲಿ ಡಲ್ಲಾಸ್‌ನಲ್ಲಿ ಅದೇ ಕೆಲಸ ಮಾಡುತ್ತಿದ್ದ ಒಬ್ಬರ ಬಗ್ಗೆ ಅವರಿಗೆ ತಿಳಿಯಲಿ ಎಂಬುದು ಈ ಪತ್ರದ ಉದ್ದೇಶ.

ಕೊನೆಯದಾಗಿ ಇನ್ನೊಂದು ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿ. ಲೇಖನದ ಶೀರ್ಷಿಕೆಯ ಕೆಳಗೆ ಚಾಂಗ್ ಅವರನ್ನು ಟಿಎಸ್‌ಎಂಸಿಯ ಮಾಲೀಕರು ಎಂದು ಕರೆಯಲಾಗಿದೆ. ಅವರು ನಿವೃತ್ತರಾದಾಗ ಆ ಕಂಪನಿಯಲ್ಲಿ ಅವರ ಷೇರು ಶೇ ಅರ್ಧದಷ್ಟಿತ್ತು. 1955ರಿಂದ 2018ರವರೆಗೆ ಅವರು ಸಂಬಳಕ್ಕೆ ದುಡಿದವರೇ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರಕ್ರಿಯಾ ಎಂಜಿನಿಯರ್